ಏಜೆಂಟ್ ಗುರಿ ತಪ್ಪಿದಾಗ: ಕನ್ನಡ, ಮಲಯಾಳ ಎರಡೂ ಇರುವ ಪ್ರಾಜೆಕ್ಟಿನಲ್ಲಿ ದೋಷ ಹುಡುಕುವ ಬಗೆ

ಲಕ್ಷಣ ಹೀಗಿರುತ್ತದೆ. ಪ್ರಾಜೆಕ್ಟಿನ ಗುರಿಗಳನ್ನೆಲ್ಲ ಟೂಲಿನಲ್ಲಿ ಬರೆದಿಟ್ಟಿದ್ದೀರಿ. ಎಐ ಏಜೆಂಟ್, ಅಂದರೆ ಹೇಳಿದ ಕೆಲಸಕ್ಕೆ ತಾನೇ ಕೋಡ್ ಬರೆಯುವ ಪ್ರೋಗ್ರಾಮ್, ಅದನ್ನು ಓದಿ ಕೆಲಸಕ್ಕೆ ಇಳಿದಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಯಾರೂ ಕೇಳದ ಪರದೆಯೊಂದು ತಯಾರಾಗಿರುತ್ತದೆ, ಕೇಳಿದ್ದು ಆಗಿರುವುದಿಲ್ಲ. ಇಲ್ಲವೇ ಗುರಿ ನಿಮ್ಮ ಕಣ್ಣೆದುರೇ ಇದ್ದರೂ "ಅಂಥ ಗುರಿ ಇಲ್ಲ" ಎನ್ನುತ್ತದೆ. ಇಲ್ಲವೇ ಏನೂ ಮಾಡದೆ "ಎಲ್ಲ ಗುರಿಗಳೂ ಮುಗಿದಿವೆ" ಎಂದು ವರದಿ ಕೊಡುತ್ತದೆ.

ಈ ಮೂರೂ ನಮಗೆ ಆಗಿವೆ. ನಾವು ಮೂವರು: ನಾನು ಬದಿಯಡ್ಕದಲ್ಲಿ, ಭಾವ ಮುಳ್ಳೇರಿಯದಲ್ಲಿ, ಇನ್ನೊಬ್ಬ ಗೆಳತಿ ಕುಂಬಳೆಯಲ್ಲಿ. ಅಡಿಕೆ ಕೃಷಿಕರಿಗೆ ಮದ್ದು ಬಿಡುವ ದಿನ ನೆನಪಿಸುವ ಸಣ್ಣ ಆ್ಯಪ್ ನಮ್ಮ ಕೆಲಸ. ಕಾಸರಗೋಡಿನ ತೋಟದವರಿಗೆ ಮಾಡುವುದರಿಂದ ಕನ್ನಡ, ಮಲಯಾಳ ಎರಡೂ ಬೇಕು. ಗುರಿಗಳೆಲ್ಲ ಒಂದು ಯಾಮಲ್ (YAML) ಫೈಲಿನಲ್ಲಿವೆ, ಅಂದರೆ ಹೆಸರು, ಅದರ ಮುಂದೆ ಅದರ ಮೌಲ್ಯ ಎಂದು ಸಾಲುಸಾಲಾಗಿ ಬರೆಯುವ ಪಠ್ಯ ಫೈಲು. ಪ್ರತಿ ಗುರಿಗೂ ಒಂದು ಗುರುತು, ಒಂದೆರಡು ಸಾಲಿನ ವಿವರಣೆ, ಮುಗಿಯಿತು ಎನ್ನಲು ಏನಾಗಬೇಕು ಎಂಬ ಷರತ್ತು, ಯಾವ ಗುರಿಯ ನಂತರ ಇದು ಎಂಬ ಸೂಚನೆ, ಕೊನೆಯ ದಿನ. ಆ ಫೈಲನ್ನು ಓದಿ ಏಜೆಂಟಿಗೆ ಬಡಿಸುವುದು ಒಂದು ಪುಟ್ಟ ಸರ್ವರ್ ಪ್ರೋಗ್ರಾಮ್; ನಾನು ಟೂಲ್ ಎನ್ನುವುದು ಇದನ್ನೇ. 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಅಂದರೆ ಎಂಸಿಪಿ, ಇವೆರಡರ ನಡುವಿನ ಮಾತುಕತೆಯ ಭಾಷೆ.

ಗುರಿ ತಪ್ಪಿದಾಗ ನಮ್ಮ ಕೈ ಮೊದಲು ಹೋಗುವುದು ಮಾಡೆಲ್ ಬದಲಿಸುವುದಕ್ಕೆ, ಇಲ್ಲವೇ ಅದೇ ಗುರಿಯನ್ನು ಇನ್ನಷ್ಟು ಜೋರಾಗಿ ಬರೆಯುವುದಕ್ಕೆ. ನಾವು ಹೀಗೆ ಮೂರು ವಾರ ಕಳೆದುಕೊಂಡೆವು. ಆಮೇಲೆ ಕುಳಿತು ಒಂದೊಂದೇ ತಪ್ಪಿನ ಬೇರು ನೋಡಿದಾಗ ಗೊತ್ತಾಯಿತು, ಹೆಚ್ಚಿನ ಸಲ ಏಜೆಂಟ್ ತನಗೆ ಸಿಕ್ಕಿದ ಗುರಿಯನ್ನು ಸರಿಯಾಗಿಯೇ ಪಾಲಿಸಿತ್ತು. ಸಿಕ್ಕಿದ ಗುರಿ ಮಾತ್ರ ನಾವು ಬರೆದದ್ದಾಗಿರಲಿಲ್ಲ.

ಕತ್ತಿ ಅದ್ದಿ ನೋಡುವುದು

ಅಡಿಕೆಗೆ ಬಿಡುವ ಮದ್ದು, ಅಂದರೆ ಬೋರ್ಡೊ ದ್ರಾವಣ, ಮಾಡಿದವರು ಅದನ್ನು ಹಾಗೆಯೇ ಮರಕ್ಕೆ ಬಿಡುವುದಿಲ್ಲ. 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಸರಿಯೇ ಇದ್ದರೂ ಸುಣ್ಣ ಹಳತಾಗಿದ್ದರೆ ದ್ರಾವಣ ಹುಳಿಯಾಗಿ ಉಳಿಯುತ್ತದೆ. ಅದಕ್ಕೇ ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ.

ಗುರಿಯ ಟೂಲಿಗೂ ಅಂಥ ಪರೀಕ್ಷೆ ಉಂಟು. ಏಜೆಂಟಿನ ಹೊಸ ಸೆಷನ್ ತೆರೆದು, "ಕೆಲಸ ಏನೂ ಮಾಡಬೇಡ, ಟೂಲಿನಿಂದ ಗುರಿಗಳ ಪಟ್ಟಿ ಮಾತ್ರ ತರಿಸು" ಎನ್ನಿ. ಆಮೇಲೆ ಏಜೆಂಟ್ ಹೇಳಿದ್ದನ್ನು ಓದಬೇಡಿ, ಲಾಗಿನಲ್ಲಿ, ಅಂದರೆ ನಡೆದದ್ದೆಲ್ಲ ದಾಖಲಾಗುವ ಕಡತದಲ್ಲಿ, ಟೂಲ್ ಹಿಂದಿರುಗಿಸಿದ ಕಚ್ಚಾ ಉತ್ತರವನ್ನು ಓದಿ. ಇದು ಮುಖ್ಯ, ಏಕೆಂದರೆ ಏಜೆಂಟ್ ತನಗೆ ಅರ್ಧಂಬರ್ಧ ಸಿಕ್ಕಿದ ವಾಕ್ಯವನ್ನು ತಾನೇ ಚಂದ ಮಾಡಿ ಹೇಳಿಬಿಡುತ್ತದೆ. ಅದನ್ನು ಕೇಳಿ ಎಲ್ಲ ಸರಿ ಇದೆ ಎಂದುಕೊಂಡು ನಾವು ಒಮ್ಮೆ ಮೋಸ ಹೋಗಿದ್ದೇವೆ.

ಈಗ ನಿಮ್ಮ ಮುಂದೆ ಎರಡು ಪಠ್ಯಗಳಿವೆ: ಫೈಲಿನಲ್ಲಿರುವುದು, ಏಜೆಂಟಿಗೆ ತಲುಪಿದ್ದು. ಪಟ್ಟಿಯೇ ಬರದಿದ್ದರೆ ಮುಂದಿನ ಭಾಗ ಓದಿ. ಬಂದು, ಎರಡರಲ್ಲಿ ವ್ಯತ್ಯಾಸ ಕಂಡರೆ ಅದರ ಮುಂದಿನದು. ಎರಡೂ ಕಣ್ಣಿಗೆ ಒಂದೇ ಥರ ಕಂಡರೂ ಗುರಿ ಸಿಗುತ್ತಿಲ್ಲವಾದರೆ ಅಕ್ಷರಗಳ ಭಾಗಕ್ಕೆ ಹೋಗಿ. ನಮ್ಮ ಕಡೆಯವರಿಗೆ ಹೆಚ್ಚು ಕಾಡುವುದು ಅದೇ.

ಪಟ್ಟಿಯೇ ಬರುವುದಿಲ್ಲ

ಮೊದಲು, ಸರ್ವರನ್ನು ಓಡಿಸುವ ಆಜ್ಞೆಯನ್ನು ಟರ್ಮಿನಲಿನಲ್ಲಿ ಕೈಯಾರೆ ಕೊಟ್ಟು ನೋಡಿ. ಅಲ್ಲಿ ಓಡಿ, ಏಜೆಂಟಿನ ಆ್ಯಪಿನಿಂದ ಓಡದಿದ್ದರೆ ಬಹುಮಟ್ಟಿಗೆ ಅದು ಪಾತ್ ಸಮಸ್ಯೆ. ಐಕಾನ್ ಒತ್ತಿ ತೆರೆದ ಆ್ಯಪಿಗೆ ಟರ್ಮಿನಲಿಗೆ ಗೊತ್ತಿರುವ ದಾರಿಗಳೆಲ್ಲ ಗೊತ್ತಿರುವುದಿಲ್ಲ. ಸೆಟ್ಟಿಂಗಿನಲ್ಲಿ ಪೈಥಾನ್ ಅಥವಾ ನೋಡ್ ಎಲ್ಲಿದೆ ಎಂಬುದರ ಪೂರ್ತಿ ವಿಳಾಸ ಕೊಡಿ. ಗುರಿಯ ಫೈಲಿಗೂ ಪೂರ್ತಿ ವಿಳಾಸವೇ ಇರಲಿ. ಇಲ್ಲದಿದ್ದರೆ ಸರ್ವರ್ ಬೇರೆ ಫೋಲ್ಡರಿನಲ್ಲಿ ನಿಂತುಕೊಂಡು, ಅಲ್ಲಿ ಫೈಲ್ ಕಾಣದೆ ಖಾಲಿ ಪಟ್ಟಿ ಕೊಡುತ್ತದೆ. ವಿಂಡೋಸಿನವರು ಇನ್ನೊಂದು ನೋಡಬೇಕು. ಜೇಸನ್ (JSON) ಎಂಬ ಪಠ್ಯ ರೂಪದ ಸೆಟ್ಟಿಂಗಿನಲ್ಲಿ ಹಿಂದಕ್ಕೆ ಬಾಗಿದ ಗೆರೆಯನ್ನು (\) ಎರಡೆರಡು ಸಲ ಬರೆಯಬೇಕು. ಒಂದೇ ಬರೆದರೆ ಅದರ ಮುಂದಿನ ಅಕ್ಷರವನ್ನು ಅವಲಂಬಿಸಿ ಅದು ಹೊಸ ಸಾಲೋ ಟ್ಯಾಬೋ ಆಗಿ ವಿಳಾಸ ಕೆಡುತ್ತದೆ, ಇಲ್ಲವೇ ಸೆಟ್ಟಿಂಗನ್ನೇ ಓದಲಾಗದಂತಾಗುತ್ತದೆ.

ಸರ್ವರ್ ಶುರುವಾಗಿ ಕೂಡಲೇ ಸಂಪರ್ಕ ಕಡಿದುಕೊಂಡರೆ, ಅದರ ಕೋಡಿನಲ್ಲಿ ಯಾರಾದರೂ ಪ್ರಿಂಟ್ ಹಾಕಿದ್ದಾರೆಯೇ ನೋಡಿ. ಎಂಸಿಪಿ ಒಂದೇ ಕಂಪ್ಯೂಟರಿನೊಳಗೆ ಮಾತಾಡುವಾಗ, ಪ್ರಿಂಟ್ ಮಾಡಿದ್ದು ಹೋಗುವ ಸ್ಟ್ಯಾಂಡರ್ಡ್ ಔಟ್‌ಪುಟ್ಟನ್ನೇ ದಾರಿಯಾಗಿ ಬಳಸುತ್ತದೆ. ಆ ದಾರಿಯಲ್ಲಿ ಜೇಸನ್ ಆರ್‌ಪಿಸಿ ಸಂದೇಶ ಬಿಟ್ಟು ಬೇರೇನೂ ಹೋಗಬಾರದು. "ಫೈಲ್ ಓದಿದೆ" ಎಂದು ನಾನು ಹಾಕಿದ ಒಂದೇ ಒಂದು ಪ್ರಿಂಟ್ ಸಾಲು ಇಡೀ ಸಂಜೆ ತಿಂದಿತು. ಲಾಗ್ ಬೇಕಾದರೆ ದೋಷ ಸಂದೇಶಗಳ ಬೇರೆ ದಾರಿಯಾದ ಸ್ಟ್ಯಾಂಡರ್ಡ್ ಎರರಿಗೆ ಕಳಿಸಿ.

ಬಂದಿದೆ, ಆದರೆ ಬರೆದಂತೆ ಇಲ್ಲ

ನಮ್ಮ ಮೊದಲ ದೊಡ್ಡ ಎಡವಟ್ಟು ಇಲ್ಲಿಯದು. ಮಹಾಳಿ ಎಂದರೆ ಅಡಿಕೆಯ ಕೊಳೆರೋಗ. ಗುರಿಯ ಸಾಲು ಹೀಗಿತ್ತು: ಮಹಾಳಿ ಎಚ್ಚರಿಕೆ ಪರದೆ #2ರಲ್ಲಿ ಮಾತ್ರ ತೋರಿಸು. ಏಜೆಂಟ್ ಮಹಾಳಿಗೆಂದೇ ಪ್ರತ್ಯೇಕ ಪರದೆಯೊಂದನ್ನು ಕಟ್ಟಿ ಕೂತಿತು, ಚಿತ್ರ, ಬಣ್ಣ, ಗುಂಡಿ ಎಲ್ಲ ಸಮೇತ. ಕಚ್ಚಾ ಉತ್ತರ ತೆರೆದು ನೋಡಿದರೆ ತಲುಪಿದ್ದು "ಮಹಾಳಿ ಎಚ್ಚರಿಕೆ ಪರದೆ" ಎಂಬ ಮೂರೇ ಪದ. ಯಾಮಲಿನಲ್ಲಿ ಖಾಲಿ ಜಾಗದ ನಂತರ # ಬಂದರೆ ಅಲ್ಲಿಂದ ಮುಂದಿನದೆಲ್ಲ ಟಿಪ್ಪಣಿ, ಓದುವ ಪ್ರೋಗ್ರಾಮ್ ಅದನ್ನು ಬಿಟ್ಟುಬಿಡುತ್ತದೆ. ದೋಷದ ಸಂದೇಶವೂ ಬರುವುದಿಲ್ಲ, ಏಕೆಂದರೆ ಯಾಮಲಿನ ದೃಷ್ಟಿಯಲ್ಲಿ ದೋಷವೇ ಆಗಿಲ್ಲ. ಉಳಿದ ತುಂಡಿಗೂ ಒಂದು ಅರ್ಥ ಇದ್ದುದರಿಂದ ಏಜೆಂಟಿಗೂ ಅನುಮಾನ ಬರಲಿಲ್ಲ.

ಸಮಯದ್ದೂ ಹೀಗೆಯೇ. ಸಮಯ ಎಂಬಲ್ಲಿ 6:30 ಎಂದು ಬರೆದಿದ್ದೆವು. ಏಜೆಂಟ್ 390 ನಿಮಿಷ ಬಿಟ್ಟು ನೆನಪಿಸುವ ಕೋಡ್ ಬರೆಯಿತು. ಯಾಮಲಿನ 1.1 ಆವೃತ್ತಿಯ ನಿಯಮದಲ್ಲಿ ಅಂಥ ಬರಹ 60ರ ಲೆಕ್ಕದ ಸಂಖ್ಯೆ; ಆರು ಅರವತ್ತರಲಿ ಮುನ್ನೂರ ಅರವತ್ತು, ಮತ್ತೆ ಮೂವತ್ತು. ಯಾಮಲ್ ಓದಲು ಪೈಥಾನಿನಲ್ಲಿ ಹೆಚ್ಚಾಗಿ ಬಳಸುವ ಪೈಯಾಮಲ್ ಇನ್ನೂ ಆ ನಿಯಮವನ್ನೇ ಪಾಲಿಸುತ್ತದೆ. ವಿಚಿತ್ರವೆಂದರೆ 06:30 ಎಂದು ಬರೆದರೆ ಅದು ಪಠ್ಯವಾಗಿಯೇ ಉಳಿಯುತ್ತದೆ. ಹೀಗಾಗಿ ಒಂದು ಗುರಿಯಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಕಂಡು ತಲೆಕೆಡುತ್ತದೆ. ದಿನಾಂಕಕ್ಕೆ ಉದ್ಧರಣ ಚಿಹ್ನೆ ಹಾಕದಿದ್ದರೆ ಅದು ಪಠ್ಯವಾಗಿ ಉಳಿಯದೆ ದಿನಾಂಕವೆಂಬ ಬೇರೆ ಬಗೆಯ ಮೌಲ್ಯವಾಗಿ ಮಾರ್ಪಟ್ಟು, ಜೇಸನ್ ಮಾಡುವ ಹೊತ್ತಿಗೆ ಸರ್ವರ್ ಬೀಳಬಹುದು. ಒಂದೇ ಗುರುತು ಎರಡು ಕಡೆ ಬಂದರೆ ಪೈಯಾಮಲ್ ಮೊದಲಿನದನ್ನು ಸದ್ದಿಲ್ಲದೆ ಬಿಟ್ಟು ಕೊನೆಯದನ್ನು ಇಟ್ಟುಕೊಳ್ಳುತ್ತದೆ.

ಎರಡು ಸಲ ಬಂದ ಗುರುತೊಂದನ್ನು ಬಿಟ್ಟು ಉಳಿದವಕ್ಕೆಲ್ಲ ಮದ್ದು ಒಂದೇ: ಗುರಿಯ ಫೈಲಿನಲ್ಲಿ ಪ್ರತಿಯೊಂದು ಮೌಲ್ಯವನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿ. ಬರೆಯಲು ಬೇಸರ, ನಿಜ. ಆದರೂ ಹಾಕಿ. ಸಾಲಿನ ಮೊದಲಿಗೆ ಟ್ಯಾಬ್ ಬಳಸಬೇಡಿ, ಯಾಮಲಿಗೆ ಅದು ವರ್ಜ್ಯ.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು

ಭಾವ ಒಂದು ರಾತ್ರಿ ಫೋನ್ ಮಾಡಿದ. "ಕಾಸರಗೋಡು ಹೇಳ್ತ ಗುರಿಯೇ ಇಲ್ಲೆ ಹೇಳಿ ಹೇಳ್ತು ಭಾವಾ." ನನ್ನ ಪರದೆಯಲ್ಲಿ ಅದು ಇತ್ತು. ಅವನ ಪರದೆಯಲ್ಲೂ ಇತ್ತು. ನನ್ನ ಏಜೆಂಟ್ ಅದನ್ನು ಹುಡುಕಿ ಕೊಡುತ್ತಿತ್ತು, ಅವನದ್ದು ಕೊಡುತ್ತಿರಲಿಲ್ಲ. ಸಾಲದ್ದಕ್ಕೆ ಅವನ ಏಜೆಂಟ್ ಅದೇ ಹೆಸರಿನ ಹೊಸ ಗುರಿಯೊಂದನ್ನು ಸೇರಿಸಿತು. ಮಾರನೆಯ ದಿನ ಪಟ್ಟಿಯಲ್ಲಿ ಕಾಸರಗೋಡು ಎರಡು. ಒಂದನ್ನು ಅಳಿಸಿದರೆ ಯಾರದೋ ಒಬ್ಬರ ಕೆಲಸ ನಿಲ್ಲುತ್ತಿತ್ತು.

ಹೆಸರಿನ ಉದ್ದ ಎಣಿಸಿದಾಗ ಗುಟ್ಟು ಬಯಲಾಯಿತು. ನನ್ನ ಫೈಲಿನಲ್ಲಿ "ಕಾಸರಗೋಡು" 8 ಕೋಡ್ ಪಾಯಿಂಟ್ (ಕಂಪ್ಯೂಟರು ಎಣಿಸುವ ಬಿಡಿ ಚಿಹ್ನೆ), 24 ಬೈಟ್. ಅವನದರಲ್ಲಿ 10 ಕೋಡ್ ಪಾಯಿಂಟ್, 30 ಬೈಟ್. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8 ರೂಪದಲ್ಲಿ 3 ಬೈಟ್ ಬೇಕು. "ಗೋ" ಎಂಬುದರ ಓತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಹೋಲಿಸಿ ನೋಡುವ ಪ್ರೋಗ್ರಾಮಿಗೆ ಎರಡೂ ಬೇರೆ. ಈ, ಏ, ಐ, ಒ, ಓ ಸ್ವರಗಳ ಚಿಹ್ನೆಗಳಿಗೆಲ್ಲ ಹೀಗೆ ಎರಡು ರೂಪ ಉಂಟು. ಆದ್ದರಿಂದ "ಬೋರ್ಡೊ" ಕೆಡಬಹುದು, "ನೀರು" ಕೆಡಬಹುದು, "ಸುಣ್ಣ" ಮಾತ್ರ ಕೆಡುವುದಿಲ್ಲ.

ಬಿಡಿಸಿದ ರೂಪ ಎಲ್ಲಿಂದ ಬಂತು? ನಮ್ಮ ಟೂಲ್ ಫೋಲ್ಡರಿನ ಹೆಸರಿನಿಂದ ಗುರುತು ಮಾಡುತ್ತಿತ್ತು. ಭಾವನ ಹಳೆಯ ಮ್ಯಾಕಿನ ಡಿಸ್ಕ್ ಎಚ್‌ಎಫ್‌ಎಸ್ ಪ್ಲಸ್ ಪದ್ಧತಿಯದು. ಅದು ಫೈಲ್, ಫೋಲ್ಡರುಗಳ ಹೆಸರನ್ನು ಬಿಡಿಸಿಯೇ ಇಡುತ್ತದೆ. 2017ರಲ್ಲಿ ಬಂದ ಎಪಿಎಫ್‌ಎಸ್ ಹಾಗೆ ಮಾಡುವುದಿಲ್ಲ, ಕೊಟ್ಟ ರೂಪದಲ್ಲೇ ಇಟ್ಟುಕೊಳ್ಳುತ್ತದೆ. ಆದರೆ ಹಳೆಯ ಡಿಸ್ಕಿನಿಂದ ನಕಲಾದ ಹೆಸರು ಬಿಡಿಸಿದ ರೂಪದಲ್ಲೇ ಮುಂದುವರಿಯುತ್ತದೆ.

ಪರಿಹಾರಕ್ಕೆ, ಫೈಲಿಗೆ ಬರೆಯುವಾಗ ಒಮ್ಮೆ, ಹುಡುಕುವಾಗ ಒಮ್ಮೆ, ಎರಡು ಕಡೆಯೂ ಪಠ್ಯವನ್ನು, ಬಿಡಿಸಿದ ಚಿಹ್ನೆಗಳನ್ನು ಕೂಡಿಸಿ ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ, ಜಾವಾಸ್ಕ್ರಿಪ್ಟಿನ ನಾರ್ಮಲೈಸ್‌ನಲ್ಲಿ ಇದು ಸಿದ್ಧವಾಗಿದೆ. ಒಂದು ಕಡೆ ಮಾತ್ರ ಮಾಡಿದರೆ ರೋಗ ಜಾಗ ಬದಲಿಸುತ್ತದೆ ಅಷ್ಟೆ.

ಮಲಯಾಳಕ್ಕೆ ಇಷ್ಟು ಸಾಲದು, ಇದನ್ನು ಗಡಿಯಲ್ಲಿ ಕೆಲಸ ಮಾಡುವವರು ತಿಳಿದಿರಲೇಬೇಕು. ಮಲಯಾಳದ ಚಿಲ್ಲಕ್ಷರಗಳಿಗೆ, ಅಂದರೆ ಸ್ವರವಿಲ್ಲದ ವ್ಯಂಜನಕ್ಕಿರುವ ಪ್ರತ್ಯೇಕ ಅಕ್ಷರಗಳಿಗೆ, ತಮ್ಮದೇ ಕೋಡ್ ಸಿಕ್ಕಿದ್ದು 2008ರ ಯೂನಿಕೋಡ್ 5.1ರಲ್ಲಿ. ಅದಕ್ಕೆ ಮೊದಲು ವ್ಯಂಜನ, ಚಂದ್ರಕ್ಕಲ (ಮಲಯಾಳದ ಅರ್ಧಾಕ್ಷರ ಚಿಹ್ನೆ), ಮತ್ತೊಂದು ಕಾಣದ ಜೋಡಕ ಸೇರಿಸಿ ಅವನ್ನು ಬರೆಯುತ್ತಿದ್ದರು. ಹಳೆಯ ಪಟ್ಟಿಗಳಲ್ಲಿ ಆ ರೂಪ ಇನ್ನೂ ಸಿಗುತ್ತದೆ. ಕಾಸರಗೋಡಿನ ಮಲಯಾಳ ಹೆಸರಿನ ನಡುವೆಯೇ ರಕಾರದ ಚಿಲ್ಲು ಇದೆ! ಇವೆರಡು ರೂಪಗಳನ್ನು ಯೂನಿಕೋಡ್ ಸಮಾನವೆಂದು ಸಾರಿಲ್ಲ, ಹಾಗಾಗಿ ಎನ್‌ಎಫ್‌ಸಿ ಅವನ್ನು ಒಂದು ಮಾಡುವುದಿಲ್ಲ. ಹಳೆಯದನ್ನು ಹೊಸದಕ್ಕೆ ಬದಲಿಸುವ ಆರು ಸಾಲಿನ ಕೋಷ್ಟಕವನ್ನು ನೀವೇ ಬರೆಯಬೇಕು. ಕನ್ನಡದಲ್ಲೂ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಚಿಹ್ನೆ ಒಂದುಂಟು, "ಆರ್‌ಪಿಸಿ" ಎಂದು ಬರೆಯುವಾಗ ರ್ ಮತ್ತು ಪಿ ನಡುವೆ ಕೂರುವಂಥದ್ದು. ಒಬ್ಬರ ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಬ್ಬರದ್ದು ಹಾಕುವುದಿಲ್ಲ. ಅದನ್ನೂ ಎನ್‌ಎಫ್‌ಸಿ ಮುಟ್ಟುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನಾವು ಗುರುತಿಗೆ ಬರೀ ಅಂಕೆಗಳನ್ನು ಇಟ್ಟುಕೊಂಡೆವು. ಊರಿನ ಹೆಸರು ಗುರುತಾಗಿರಲಿ ಎಂಬ ಆಸೆ ನನಗಿತ್ತು, ಬಿಡಬೇಕಾಯಿತು. ಆದರೆ ಗುರಿಯ ವಿವರಣೆಯನ್ನು ಕನ್ನಡದಲ್ಲೇ ಉಳಿಸಿದ್ದೇವೆ, ಅದನ್ನು ಬಿಡುವುದಿಲ್ಲ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದರೆ ತೊಂದರೆಯೇ ಇಲ್ಲ ಎಂದು ಹೇಳುವವರಿದ್ದಾರೆ. ತೋಟದವರು ಬಂದು ಗುರಿಯ ಪಟ್ಟಿ ಓದಿ, "ಇದು ಹೀಗಲ್ಲ" ಎಂದು ತಿದ್ದುವುದು ಕನ್ನಡದಲ್ಲಿ ಇದ್ದರೆ ಮಾತ್ರ. ಹಾಗೆ ತಿದ್ದಿದ್ದರಿಂದಲೇ ನಮ್ಮ ಆ್ಯಪ್ ಉಪಯೋಗಕ್ಕೆ ಬಂದಿದೆ.

ಕನ್ನಡದಲ್ಲಿ ಬರೆದ ಮೇಲೆ ಪದದ ಅರ್ಥವನ್ನೂ ಕಾಯಬೇಕು. "ಮದ್ದು ಬಿಡುವ ದಿನ ನೆನಪಿಸು" ಎಂಬ ಗುರಿಗೆ ಏಜೆಂಟ್ ಒಮ್ಮೆ "ನಿಮ್ಮ ಔಷಧಿ ತೆಗೆದುಕೊಳ್ಳುವ ಸಮಯ" ಎಂಬ ಸಂದೇಶವನ್ನು ಮಾತ್ರೆಯ ಚಿತ್ರದೊಂದಿಗೆ ಮಾಡಿತು. ಮಲಯಾಳದ ಮರುನ್ನ್ ಎಂಬ ಪದಕ್ಕೂ ಇದೇ ಎರಡು ಅರ್ಥ, ಅಲ್ಲಿಯೂ ಅದೇ ತಪ್ಪು. ಈಗ ಗುರಿಯ ಫೈಲಿನ ತಲೆಯಲ್ಲೇ ಹತ್ತು ಸಾಲಿನ ಪದಕೋಶ ಇಟ್ಟಿದ್ದೇವೆ: ಮದ್ದು ಅಂದರೆ ಬೋರ್ಡೊ ದ್ರಾವಣ, ಮಹಾಳಿ ಅಂದರೆ ಅಡಿಕೆಯ ಕೊಳೆರೋಗ, ಹೀಗೆ.

ಇನ್ನು ಸಣ್ಣವು. ಕಚ್ಚಾ ಉತ್ತರದಲ್ಲಿ ಕನ್ನಡದ ಬದಲು ಬಾಗಿದ ಗೆರೆ, ಯು, ಅಂಕೆಗಳ ಸಾಲು ಕಂಡರೆ ಅದು ಪೈಥಾನಿನ ಜೇಸನ್ ಮಾಡ್ಯೂಲಿನ ಸಹಜ ನಡವಳಿಕೆ. ಒಂದೊಂದು ಚಿಹ್ನೆಗೂ 6 ಅಕ್ಷರ ಹಿಡಿಸುತ್ತದೆ, "ಗುರಿ" ಎನ್ನಲು 24. ಏಜೆಂಟ್ ಓದುವ ಪಠ್ಯದ ಅಳತೆಯಾದ ಟೋಕನ್ ವ್ಯರ್ಥವಾಗುತ್ತದೆ, ಎನ್ಶೂರ್ ಆಸ್ಕಿ (ensure_ascii) ಎಂಬ ಆಯ್ಕೆಗೆ False ಎಂದು ಕೊಡಿ. ತಲೆಯ ಮೇಲೆ ಓರೆಗೆರೆ ಹೊತ್ತ ಲ್ಯಾಟಿನ್ ಅಕ್ಷರಗಳು ಪದೇ ಪದೇ ಕಂಡರೆ ವಿಂಡೋಸಿನಲ್ಲಿ ಎನ್ಕೋಡಿಂಗ್ ಹೇಳದೆ ಫೈಲ್ ತೆರೆದಿದ್ದೀರಿ, ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ. ಕನ್ನಡ ಅಂಕೆಯಲ್ಲಿ ೪೫ ಎಂದು ಬರೆದರೆ ಪೈಥಾನ್ ಅದನ್ನು ಸಂಖ್ಯೆಯಾಗಿ ಓದಬಲ್ಲದು, ಜಾವಾಸ್ಕ್ರಿಪ್ಟ್ ಓದಲಾರದು.

ಸರಿಯಾಗಿ ತಲುಪಿದೆ, ಆದರೂ ತಪ್ಪುತ್ತದೆ

ಇಲ್ಲಿ ದೋಷ ಹೆಚ್ಚಾಗಿ "ಮುಗಿಯಿತು" ಎಂಬ ಷರತ್ತಿನಲ್ಲಿ. "ನೆನಪು ಸರಿಯಾಗಿ ಬರಬೇಕು" ಎಂದು ಬರೆದಿದ್ದೆವು. ಏಜೆಂಟ್ ಮಾಡಿತು, ಮುಗಿಯಿತು ಎಂದಿತು. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, 40ರಿಂದ 45 ದಿನ ಬಿಟ್ಟು ಮತ್ತೊಮ್ಮೆ ಮದ್ದು ಬಿಡುವುದು ಪದ್ಧತಿ. ಆದರೆ ಗೊತ್ತು ಮಾಡಿದ ದಿನವೇ ಕೆಲಸ ಆಗುವುದು ಅಪರೂಪ. ಮಳೆ ಬಿಡಬೇಕು, ಮರ ಹತ್ತುವವರು ಸಿಗಬೇಕು. ಏಜೆಂಟ್ ಎರಡನೆಯ ದಿನವನ್ನು ಎಣಿಸಿದ್ದು ಯೋಜನೆಯ ದಿನದಿಂದ, ನಿಜವಾಗಿ ಮದ್ದು ಬಿಟ್ಟ ದಿನದಿಂದ ಅಲ್ಲ. ಅದರ ತಪ್ಪೇನೂ ಇಲ್ಲ, ನಾವು ಹೇಳಿರಲಿಲ್ಲ. ಈಗ ಷರತ್ತು ಹೀಗಿದೆ: "ಯೋಜನೆ ಮೇ 20, ನಿಜವಾಗಿ ಬಿಟ್ಟದ್ದು ಮೇ 25 ಎಂದು ದಾಖಲಾದರೆ ಎರಡನೆಯ ನೆನಪು ಜುಲೈ 9ಕ್ಕೆ ಬರಬೇಕು." ಇದನ್ನು ಪರೀಕ್ಷಾ ಕೋಡ್ ಆಗಿ ಬರೆಯಬಹುದು, ಹೌದೋ ಅಲ್ಲವೋ ಎಂದು ಕ್ಷಣದಲ್ಲಿ ತಿಳಿಯುತ್ತದೆ. ಆ ಪರೀಕ್ಷೆಯ ಫೈಲನ್ನು ಏಜೆಂಟ್ ತಿದ್ದದಂತೆ ಬೀಗ ಹಾಕಿಡಿ. ಪರೀಕ್ಷೆ ಸೋಲುತ್ತಿದೆ ಎಂದು ಪರೀಕ್ಷೆಯನ್ನೇ ಬದಲಿಸಿ ಗೆದ್ದ ಪ್ರಸಂಗ ನಮ್ಮಲ್ಲಿ ಎರಡು ಸಲ ಆಗಿದೆ. ಫೈಲಿನಲ್ಲಿ ಏನೇನು ಬದಲಾಗಿದೆ ಎಂದು ತೋರಿಸುವ ಗಿಟ್ ಡಿಫ್ ನೋಡುವವರೆಗೆ ಗೊತ್ತೇ ಆಗಲಿಲ್ಲ.

ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ದಾರಿ ಬಿಟ್ಟರೆ ಸೆಷನ್ ಉದ್ದವಾಗಿದೆ ಎಂದರ್ಥ. ಮಾತುಕತೆ ಬೆಳೆದು ಜಾಗ ತುಂಬಿದಾಗ ಏಜೆಂಟ್ ಹಿಂದಿನದನ್ನು ಸಾರಾಂಶ ಮಾಡಿ ಇಟ್ಟುಕೊಳ್ಳುತ್ತದೆ. ಸಾರಾಂಶದಲ್ಲಿ ಮೊದಲು ಉದುರುವುದು "ಮಾತ್ರ", "ಹೊರತು", "ಬಾರದು" ಇಂಥ ಸಣ್ಣ ಪದಗಳೇ, ನಾವು ಕಂಡಂತೆ. ಪ್ರತಿ ಗುರಿ ಶುರು ಮಾಡುವಾಗ ಟೂಲಿನಿಂದ ಅದನ್ನು ಹೊಸದಾಗಿ ತರಿಸಿಕೊಳ್ಳಬೇಕು ಎಂಬ ನಿಯಮ ಹಾಕಿ. ಒಂದು ಗುರಿಗೆ ಒಂದು ಸೆಷನ್ ಆದರೆ ಇನ್ನೂ ಒಳ್ಳೆಯದು.

"ಎಲ್ಲ ಮುಗಿದಿದೆ" ಎಂಬ ಸುಳ್ಳು ವರದಿಯ ಹಿಂದೆ ಸುತ್ತು ಬಿದ್ದ ಅವಲಂಬನೆ ಇರಬಹುದು. ಮಲಯಾಳ ಪಠ್ಯದ ಗುರಿ ಪರದೆಗೆ ಕಾಯುತ್ತಿತ್ತು, ಪರದೆಯ ಗುರಿ ಪಠ್ಯಕ್ಕೆ ಕಾಯುತ್ತಿತ್ತು. ಮುಂದಿನ ಕೆಲಸ ಯಾವುದು ಎಂದು ಕೇಳಿದರೆ ಟೂಲ್ ಖಾಲಿ ಪಟ್ಟಿ ಕೊಡುತ್ತಿತ್ತು. ಖಾಲಿ ಎಂದರೆ ಮುಗಿಯಿತು ಎಂದು ಏಜೆಂಟ್ ತಿಳಿಯಿತು. ಟೂಲ್ ಪ್ರತಿ ಉತ್ತರದಲ್ಲೂ ಒಟ್ಟು ಎಷ್ಟು, ಮುಗಿದದ್ದೆಷ್ಟು, ತಡೆದು ನಿಂತದ್ದೆಷ್ಟು ಎಂಬ ಮೂರು ಸಂಖ್ಯೆ ಕೊಡುವಂತೆ ಬದಲಿಸಿದೆವು, ಆಮೇಲೆ ಈ ತೊಂದರೆ ಬಂದಿಲ್ಲ.

ಹೊತ್ತು ಮತ್ತು ಕರೆಂಟು

ರಾತ್ರಿ 12ರಿಂದ ಬೆಳಗಿನ 5:30ರ ನಡುವೆ ಮಾತ್ರ ದಿನಾಂಕ ಒಂದು ಹಿಂದೆ ಬೀಳುತ್ತಿದ್ದರೆ ಸರ್ವರ್ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಹೊತ್ತಿನಲ್ಲಿದೆ. ಗುರಿಯ ಕೊನೆಯ ದಿನದ ಜೊತೆ +05:30 ಎಂದು ಬರೆಯಿರಿ. ಹಗಲು ಕೆಲಸ ಮಾಡುವವರಿಗೆ ಈ ದೋಷ ಕಾಣುವುದೇ ಇಲ್ಲ. ರಾತ್ರಿ ಕೂರುವ ನನಗೆ ಕಂಡಿತು.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳುವಂತಿಲ್ಲ. ಫೈಲ್ ಬರೆಯುತ್ತಿರುವಾಗಲೇ ಹೋದರೆ ಅರ್ಧ ಫೈಲ್, ಇಲ್ಲವೇ ಸೊನ್ನೆ ಬೈಟಿನ ಫೈಲ್ ಉಳಿಯುತ್ತದೆ. ಟೂಲ್ ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಡಿಸ್ಕಿಗೆ ಇಳಿಸಿ, ಆಮೇಲೆ ಹೆಸರು ಬದಲಿಸಬೇಕು. ಎರಡು ಏಜೆಂಟ್ ಒಟ್ಟಿಗೆ ಬರೆದಾಗ ಒಬ್ಬರ ಬದಲಾವಣೆ ಮಾಯವಾಗುವುದಕ್ಕೆ ಇದು ಪರಿಹಾರವಲ್ಲ, ಅದಕ್ಕೆ ಒಬ್ಬರು ಬರೆದು ಮುಗಿಸುವವರೆಗೆ ಇನ್ನೊಬ್ಬರನ್ನು ತಡೆಯುವ ಬೀಗ ಬೇಕು. ನಾವು ಇನ್ನೂ ಬೀಗ ಬರೆದಿಲ್ಲ. ಗುರಿಯ ಫೈಲನ್ನು ಗಿಟ್‌ನಲ್ಲಿ ಇಟ್ಟು, ಒಂದು ಹೊತ್ತಿಗೆ ಒಬ್ಬರ ಏಜೆಂಟ್ ಮಾತ್ರ ಬರೆಯಲಿ ಎಂದು ಮಾತಾಡಿಕೊಂಡಿದ್ದೇವೆ.

ಇಷ್ಟಾದರೂ ಸಿಗದೆ ಗೆಳೆಯರನ್ನು ಕೇಳುವುದಾದರೆ ಸ್ಕ್ರೀನ್‌ಶಾಟ್ ಕಳಿಸಬೇಡಿ. ಅದರಲ್ಲಿ ಬಿಡಿಸಿದ ಓತ್ವವೂ ಕಾಣುವುದಿಲ್ಲ, ಚಿಲ್ಲಿನ ಜೋಡಕವೂ ಕಾಣುವುದಿಲ್ಲ. ಗುರಿಯ ಫೈಲನ್ನು ಜಿಪ್ ಮಾಡಿ, ಲಾಗಿನ ಕಚ್ಚಾ ಉತ್ತರದ ಜೊತೆ ಕಳಿಸಿ.